ಐದನೆಯ ಗೀಟು ಅಡ್ಡ ಯಾಕೆ?

ಮಕ್ಕಳೇ, ಇವತ್ತು ಒಂದು ಪೆನ್ಸಿಲ್ಲು, ಒಂದು ಹಾಳೆ ತಗೊಂಡು ನನ್ನ ಜೊತೆ ಕೂತ್ಕೊಳ್ಳಿ. ಬೇರೇನೂ ಬೇಡ. ಕೂಡುವುದು, ಕಳೆಯುವುದು ಕೂಡ ಸದ್ಯಕ್ಕೆ ಬೇಡ. ಗೀಟು ಎಳೆಯಲು ಬಂದರೆ ಸಾಕು. ಅದು ನಿಮಗೆ ಅಕ್ಷರ ಕಲಿಯುವುದಕ್ಕೂ ಮೊದಲೇ ಬರುತ್ತಿತ್ತು.

ಮೊದಲು ಹಾಳೆಯನ್ನು ಪಕ್ಕಕ್ಕಿಟ್ಟು ಒಂದು ಸಣ್ಣ ಕೆಲಸ ಮಾಡೋಣ. ಜಗಲಿಯ ಮೇಲೋ ಕಿಟಕಿಯ ಹತ್ತಿರವೋ ಕೂತು, ಹತ್ತು ನಿಮಿಷದಲ್ಲಿ ರಸ್ತೆಯ ಮೇಲೆ ಎಷ್ಟು ಸೈಕಲ್, ಎಷ್ಟು ಬೈಕ್, ಎಷ್ಟು ಆಟೋ, ಎಷ್ಟು ಬಸ್ಸು ಹೋದವು ಎಂದು ಮನಸ್ಸಿನಲ್ಲೇ ಎಣಿಸಿ. ಶುರುವಿನಲ್ಲಿ ಸುಲಭ ಅನ್ನಿಸುತ್ತದೆ. ಬೈಕ್ ಒಂದು. ಸೈಕಲ್ ಒಂದು. ಬೈಕ್ ಎರಡು. ಅಷ್ಟರಲ್ಲಿ ಎರಡು ಬೈಕು, ಅವುಗಳ ಹಿಂದೆ ಒಂದು ಆಟೋ, ಅದನ್ನು ದಾಟಿಕೊಂಡು ಇನ್ನೊಂದು ಬೈಕು ಒಟ್ಟಿಗೇ ಬರುತ್ತವೆ. ಒಳಗಿನಿಂದ ಅಮ್ಮ ಕೂಗುತ್ತಾರೆ. ಬೈಕ್ ಏಳಾಗಿತ್ತೋ ಎಂಟಾಗಿತ್ತೋ? ಸೈಕಲ್ ಲೆಕ್ಕ ಎಲ್ಲಿಗೆ ಬಂದಿತ್ತು?

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಎಂಥ ಜಾಣರಿಗೂ ಹೀಗೇ ಆಗುತ್ತದೆ. ಆ ಹತ್ತು ನಿಮಿಷ ನಿಮ್ಮ ಮನಸ್ಸು ಎಷ್ಟೊಂದು ಕೆಲಸವನ್ನು ಒಟ್ಟಿಗೆ ಮಾಡುತ್ತಿತ್ತು ನೋಡಿ. ರಸ್ತೆ ನೋಡಬೇಕು. ಬಂದದ್ದು ಯಾವ ಗಾಡಿ ಎಂದು ಗುರುತಿಸಬೇಕು. ನಾಲ್ಕು ಬೇರೆ ಬೇರೆ ಸಂಖ್ಯೆಗಳನ್ನು ಮರೆಯದೆ ಹಿಡಿದುಕೊಂಡಿರಬೇಕು. ಅವುಗಳಲ್ಲಿ ಸರಿಯಾದುದನ್ನು ಹುಡುಕಿ ಅದಕ್ಕೆ ಮಾತ್ರ ಒಂದು ಸೇರಿಸಬೇಕು. ಒಂದು ಕಡೆ ಗಮನ ಸರಿದರೆ ಇನ್ನೊಂದು ಜಾರಿಹೋಗುತ್ತದೆ.

ಈಗ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದರ ಕೆಳಗೊಂದು ಬರೆಯಿರಿ: ಸೈಕಲ್, ಬೈಕ್, ಆಟೋ, ಬಸ್ಸು. ಒಂದು ಬೈಕ್ ಹೋಯಿತೇ? ಬೈಕಿನ ಸಾಲಿನಲ್ಲಿ ಒಂದು ಗೀಟು. ಆಟೋ ಹೋಯಿತೇ? ಅದರ ಸಾಲಿನಲ್ಲಿ ಒಂದು ಗೀಟು. ಅಷ್ಟೇ.

ಇಲ್ಲಿ ಒಂದು ಕ್ಷಣ ನಿಂತು ನೋಡೋಣ, ಯಾಕೆಂದರೆ ಚಂದವಿರುವುದು ಇಲ್ಲೇ. ಗೀಟು ಎಳೆಯುವಾಗ ಅಲ್ಲಿಯವರೆಗೆ ಎಷ್ಟಾಗಿದೆ ಎಂಬುದು ನಿಮಗೆ ಗೊತ್ತಿರಬೇಕಾಗಿಲ್ಲ! ಹಿಂದಿನದು ಏಳಾದರೂ ಎಪ್ಪತ್ತಾದರೂ ಈಗ ಎಳೆಯಬೇಕಾದದ್ದು ಒಂದೇ ಗೀಟು. ನೆನಪಿಟ್ಟುಕೊಳ್ಳುವ ಕೆಲಸವನ್ನು ಹಾಳೆ ವಹಿಸಿಕೊಂಡಿತು. ನಿಮ್ಮ ಕಣ್ಣು ರಸ್ತೆಯ ಮೇಲೆಯೇ ಇರಬಹುದು. ಅಮ್ಮ ಕೂಗಿದರೆ ಉತ್ತರವನ್ನೂ ಕೊಡಬಹುದು. ಎಷ್ಟಾಯಿತು ಎಂದು ಎಣಿಸುವುದನ್ನು ಆಮೇಲೆ ನಿಧಾನವಾಗಿ ಮಾಡಿಕೊಂಡರಾಯಿತು.

ಶಾಲೆಯ ಗಣಿತ ಪುಸ್ತಕದಲ್ಲಿ ಈ ಗೀಟುಗಳನ್ನು ತಾಳೆ ಗುರುತು ಎನ್ನುತ್ತಾರೆ. ಹೀಗೆ ನೋಡಿ ಕೂಡಿಹಾಕಿದ ಸಂಗತಿಗಳಿಗೆ ದತ್ತಾಂಶ ಎಂದು ಹೆಸರು. ಒಂದು ಸಾಲಿನಲ್ಲಿ ಎಷ್ಟು ಗೀಟು ಬಿದ್ದವೋ ಅದು ಆವೃತ್ತಿ, ಅಂದರೆ ಆ ಸಂಗತಿ ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕ. ಹೆಸರುಗಳು ದೊಡ್ಡವು, ಒಳಗಿರುವುದು ಗೀಟು ಮಾತ್ರ.

ಆದರೆ ಮೂವತ್ತು ಗೀಟು ಸಾಲಾಗಿ ನಿಂತರೆ ಆಮೇಲೆ ಅವನ್ನು ಎಣಿಸುವುದೇ ಕಷ್ಟ. ಬೆರಳಿಟ್ಟು ಎಣಿಸಿದರೂ ನಡುವೆ ಒಂದು ತಪ್ಪಿಹೋಗುತ್ತದೆ. ಅದಕ್ಕೇ ಜನ ಒಂದು ಉಪಾಯ ಮಾಡಿಕೊಂಡರು. ನಾಲ್ಕು ಗೀಟು ನೆಟ್ಟಗೆ. ಐದನೆಯದು ಆ ನಾಲ್ಕರ ಮೇಲೆ ಓರೆಯಾಗಿ, ಅಡ್ಡಕ್ಕೆ. ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೆ ಬಾಳೆನಾರು ಸುತ್ತಿ ಕಟ್ಟು ಮಾಡುತ್ತಾರಲ್ಲ, ಈ ಅಡ್ಡಗೀಟು ನಾಲ್ಕು ಗೀಟುಗಳಿಗೆ ಸುತ್ತಿದ ಅಂಥ ನಾರು. ಕಟ್ಟು ಬಿಗಿಯಿತು ಎಂದರೆ ಐದು. ಮುಂದಿನ ಗೀಟು ಹೊಸ ಕಟ್ಟಿನದು. ಕೊನೆಗೆ ಐದು, ಹತ್ತು, ಹದಿನೈದು, ಇಪ್ಪತ್ತು ಎಂದು ಕಟ್ಟುಗಳನ್ನು ಎಣಿಸಿ, ಉಳಿದ ಒಂದೆರಡು ಬಿಡಿ ಗೀಟು ಸೇರಿಸಿದರೆ ಮುಗಿಯಿತು.

ಸರಿ, ಐದೇ ಯಾಕೆ? ಏಳು ಗೀಟಿಗೊಂದು ಕಟ್ಟು ಮಾಡಿದರೆ ಏನಾಗುತ್ತಿತ್ತು? ನಮ್ಮ ಕೈಯಲ್ಲಿ ಐದು ಬೆರಳಿವೆ, ಅದಕ್ಕೇ ಇರಬೇಕು ಎಂದು ನಿಮಗೆ ಥಟ್ಟನೆ ಹೊಳೆದಿರುತ್ತದೆ. ಒಳ್ಳೆಯ ಯೋಚನೆ, ಅದನ್ನು ಬಿಡಬೇಡಿ. ಆದರೆ ಇನ್ನೊಂದು ಕಾರಣ ನಮ್ಮ ಕಣ್ಣಿನ ಹಿಂದೆ ಅಡಗಿದೆ. ಅದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು.

ಅಡುಗೆಮನೆಯಿಂದ ಒಂದು ಹಿಡಿ ಕಾಳು ತನ್ನಿ. ಅವರೆಯಾದರೂ ಸರಿ, ಅಲಸಂದೆಯಾದರೂ ಸರಿ. ಗೆಳತಿಯೊಬ್ಬಳು ಕೆಲವು ಕಾಳುಗಳನ್ನು ತಟ್ಟೆಗೆ ಚೆಲ್ಲಿ, ನಿಮಗೆ ಒಂದು ಕ್ಷಣ ತೋರಿಸಿ, ಕೂಡಲೇ ಕೈಯಿಂದ ಮುಚ್ಚಲಿ. ಎಷ್ಟಿದ್ದವು? ಎರಡಿದ್ದರೆ ಎರಡು ಎನ್ನುತ್ತೀರಿ. ಮೂರಿದ್ದರೆ ಮೂರು. ಎಣಿಸಲೇ ಇಲ್ಲ, ಸುಮ್ಮನೆ ಕಂಡಿತು! ನಾಲ್ಕರವರೆಗೂ ಹೀಗೇ. ಐದು, ಆರು, ಏಳು ಎಂದು ಏರಿದ ಹಾಗೆ ಮನಸ್ಸು ತಡವರಿಸುತ್ತದೆ. ಆರೋ ಏಳೋ ಎಂದು ಊಹೆ ಶುರುವಾಗುತ್ತದೆ.

ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞರು ಇದೇ ಆಟವನ್ನು ತಮ್ಮ ಮೇಲೆ ತಾವೇ ಆಡಿಕೊಂಡರು. ತಟ್ಟೆಯ ಮೇಲೊಂದು ಪುಟ್ಟ ಪೆಟ್ಟಿಗೆ ಇಟ್ಟು, ಅದರ ಕಡೆಗೆ ಕಪ್ಪು ಕಾಳುಗಳನ್ನು ಎಸೆಯುವುದು. ಒಳಗೆ ಬಿದ್ದವು ಎಷ್ಟೆಂದು ಕಂಡ ಕ್ಷಣದಲ್ಲೇ ಹೇಳುವುದು. ಆಮೇಲೆ ನಿಜವಾಗಿ ಎಣಿಸುವುದು. ಎರಡನ್ನೂ ಬರೆದಿಡುವುದು. ಹೀಗೆ ಸಾವಿರಕ್ಕೂ ಹೆಚ್ಚು ಸಲ! ಮೂರು, ನಾಲ್ಕು ಕಾಳು ಬಿದ್ದಾಗ ಅವರು ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಆಗೊಮ್ಮೆ ಈಗೊಮ್ಮೆ ತಪ್ಪಿದರು. ಹತ್ತಾದಾಗ ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿದರು. 1871ರಲ್ಲಿ ಈ ಲೆಕ್ಕವನ್ನೆಲ್ಲ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಹಿಡಿ ಕಾಳಿನಿಂದ ಎಂಥ ವಿಜ್ಞಾನ ಹುಟ್ಟಿತು ನೋಡಿ.

ಈಗ ಅಡ್ಡಗೀಟಿನ ಗುಟ್ಟು ಬಯಲಾಯಿತಲ್ಲ? ನಾಲ್ಕು ಗೀಟು ನಿಂತಿರುವುದನ್ನು ಕಣ್ಣು ಎಣಿಸದೆಯೇ ಹಿಡಿಯುತ್ತದೆ. ಐದನೆಯದೂ ನೆಟ್ಟಗೆ ನಿಂತರೆ ಕಣ್ಣಿಗೆ ಅನುಮಾನ ಬರುತ್ತದೆ. ಅನುಮಾನ ಬರುವ ಜಾಗದಲ್ಲೇ ಗೀಟು ತನ್ನ ರೂಪ ಬದಲಿಸುತ್ತದೆ.

ನಮ್ಮ ದೇಶದ ಹಳೆಯ ಬ್ರಾಹ್ಮಿ ಬರಹದಲ್ಲೂ ಇಂಥದ್ದೇ ಒಂದು ಸಂಗತಿ ಕಾಣುತ್ತದೆ. ಒಂದಕ್ಕೆ ಒಂದು ಅಡ್ಡಗೆರೆ. ಎರಡಕ್ಕೆ ಎರಡು ಅಡ್ಡಗೆರೆ. ಮೂರಕ್ಕೆ ಮೂರು. ನಾಲ್ಕಕ್ಕೆ ನಾಲ್ಕು ಗೆರೆ ಇರಬೇಕಿತ್ತು ಅನ್ನಿಸುತ್ತದೆಯಲ್ಲವೇ? ಇಲ್ಲ, ಅಲ್ಲಿ ಕೂಡುವ ಚಿಹ್ನೆಯಂಥ ಬೇರೆಯೇ ಗುರುತು ಬಂದುಬಿಡುತ್ತದೆ. ನಾವು ಇವತ್ತು ಬರೆಯುವ ಕನ್ನಡದ ೧, ೨, ೩ ಅಂಕಿಗಳು ಆ ಗೆರೆಗಳಿಂದಲೇ ಬಾಗುತ್ತ, ಬಳುಕುತ್ತ ಬಂದವು.

ಎಲ್ಲ ಊರಿನವರೂ ಅಡ್ಡಗೀಟನ್ನೇ ಎಳೆಯುವುದಿಲ್ಲ. ಚೀನಾ, ಜಪಾನ್, ಕೊರಿಯಾದ ಮಕ್ಕಳು ತರಗತಿಯಲ್ಲಿ ನಾಯಕನ ಚುನಾವಣೆ ನಡೆದರೆ ಕಪ್ಪುಹಲಗೆಯ ಮೇಲೆ ಒಂದು ಅಕ್ಷರವನ್ನು ಸ್ವಲ್ಪಸ್ವಲ್ಪವಾಗಿ ಬರೆಯುತ್ತ ಹೋಗುತ್ತಾರೆ. ಆ ಅಕ್ಷರಕ್ಕೆ ಸರಿಯಾಗಿ ಐದು ಗೆರೆ. ಒಂದು ಮತಕ್ಕೆ ಒಂದು ಗೆರೆ, ಅಕ್ಷರ ಪೂರ್ತಿಯಾದರೆ ಐದು ಮತ. ಬ್ರೆಜಿಲ್‌ನಲ್ಲಿ ನಾಲ್ಕು ಗೆರೆಗಳಿಂದ ಚೌಕ ಮಾಡಿ, ಐದನೆಯದನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಾರೆ. ಕಾಡಿನಲ್ಲಿ ಮರ ಎಣಿಸುವವರದು ಇನ್ನೊಂದು ಕ್ರಮ. ಮೊದಲು ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ಆಮೇಲೆ ಆ ಚುಕ್ಕಿಗಳನ್ನು ಸೇರಿಸುವ ನಾಲ್ಕು ಗೆರೆ, ಕೊನೆಗೆ ಒಳಗೆ ಎರಡು ಓರೆಗೆರೆ. ಒಂದು ಪುಟ್ಟ ಪೆಟ್ಟಿಗೆಯೊಳಗೆ ಹತ್ತು ಮರ! ಚುಕ್ಕಿಯಿಟ್ಟು ರಂಗೋಲಿ ಹಾಕುವ ಮಕ್ಕಳಿಗೆ ಇದು ತುಂಬ ಇಷ್ಟವಾಗುತ್ತದೆ ಎಂದುಕೊಂಡಿದ್ದೇನೆ.

ಇದೆಲ್ಲ ಎಷ್ಟು ಹಳೆಯದು ಗೊತ್ತೇ? ಕಾಗದ ಇಲ್ಲದ, ಅಕ್ಷರ ಇಲ್ಲದ, ಹೊಲ ಉಳುವುದೂ ಗೊತ್ತಿಲ್ಲದ ಕಾಲಕ್ಕೆ ಹೋಗೋಣ ಬನ್ನಿ. ಆಫ್ರಿಕಾ ಖಂಡದ ದಕ್ಷಿಣದಲ್ಲಿ ಲೆಬೊಂಬೊ ಎಂಬ ಬೆಟ್ಟಸಾಲು ಇದೆ. ಅಲ್ಲಿಯ ಒಂದು ಗುಹೆಯಲ್ಲಿ ಬಬೂನ್ ಕೋತಿಯ ಕಾಲಿನ ಸಣ್ಣ ಮೂಳೆಯೊಂದು ಸಿಕ್ಕಿತು. ಅದು ನಿಮ್ಮ ಪೆನ್ಸಿಲ್‌ಗಿಂತ ಚಿಕ್ಕದು. ಅದರ ಮೇಲೆ ಯಾರೋ ಹರಿತವಾದ ಕಲ್ಲಿನಿಂದ ಕೊರೆದ 29 ಗೀರುಗಳು. ವಯಸ್ಸು ಸುಮಾರು 43,000 ವರ್ಷ.

ಅದೇ ಖಂಡದ ನಡುಭಾಗದಲ್ಲಿ, ಕಾಂಗೋ ದೇಶದ ಇಶಾಂಗೊ ಎಂಬ ಜಾಗದಲ್ಲಿ, 1950ರಲ್ಲಿ ಇನ್ನೊಂದು ಮೂಳೆ ಸಿಕ್ಕಿತು. ಅದನ್ನು ಕಂಡವರು ಬೆಲ್ಜಿಯಂನ ಭೂವಿಜ್ಞಾನಿ ಜಾನ್ ದ ಹೈನ್ಸೆಲಿನ್. ಅದಕ್ಕೆ ಸುಮಾರು 20,000 ವರ್ಷ. ಈಗ ಬ್ರಸೆಲ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಮೂರು ಸಾಲು ಗೀರುಗಳಿವೆ, ಅವನ್ನು ಗುಂಪುಗುಂಪಾಗಿ ಕೊರೆದಿದ್ದಾರೆ. ಒಂದು ಸಾಲಿನ ಗುಂಪುಗಳು 11, 13, 17, 19. ಕೂಡಿ ನೋಡಿ, ಎಷ್ಟು ಬಂತು? 60. ಇನ್ನೊಂದು ಸಾಲು ಕೂಡಿದರೂ 60!

ಆ ಜನ ಎಣಿಸಿದ್ದು ಏನನ್ನು? ಚಂದ್ರ ಕಂಡ ರಾತ್ರಿಗಳನ್ನೇ? ಹಿಡಿದ ಮೀನುಗಳನ್ನೇ? ವಿದ್ವಾಂಸರು ಬಗೆಬಗೆಯಾಗಿ ಊಹಿಸಿದ್ದಾರೆ, ವಾದವೂ ಮಾಡಿದ್ದಾರೆ. ಮೂಳೆ ಮಾತ್ರ ಬಾಯಿ ಬಿಡುವುದಿಲ್ಲ. ಗೀರು ಉಳಿಯಿತು, ಅದರ ತಲೆಬರಹ ಉಳಿಯಲಿಲ್ಲ. ಆದ್ದರಿಂದ ನೀವು ಗೀಟು ಎಳೆಯುವ ಮೊದಲು ಹಾಳೆಯ ಮೇಲ್ಭಾಗದಲ್ಲಿ ಏನನ್ನು ಎಣಿಸುತ್ತಿದ್ದೀರಿ, ಎಲ್ಲಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಬರೆಯಲೇಬೇಕು. ಆ ಸಾಲು ಇಲ್ಲದಿದ್ದರೆ ಮುಂದಿನ ವಾರ ನಿಮ್ಮ ಹಾಳೆಯೇ ನಿಮಗೆ ಇಶಾಂಗೊ ಮೂಳೆಯಾಗಿಬಿಡುತ್ತದೆ.

ಇಂಗ್ಲೆಂಡಿನಲ್ಲಂತೂ ಸರ್ಕಾರದ ಖಜಾನೆಯೇ ನೂರಾರು ವರ್ಷ ಕೋಲಿನ ಮೇಲೆ ಲೆಕ್ಕ ಇಟ್ಟಿತು. ಕೋಲಿನ ಮೇಲೆ ಕಚ್ಚು ಹಾಕುವುದು: ಅಂಗೈ ಅಗಲದ ಕಚ್ಚು ಸಾವಿರ ಪೌಂಡಿಗೆ, ಹೆಬ್ಬೆರಳಿನಷ್ಟು ಅಗಲದ್ದು ನೂರಕ್ಕೆ, ಕಿರುಬೆರಳಿನಷ್ಟು ಇಪ್ಪತ್ತಕ್ಕೆ. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವರಿಗೆ ಒಂದು ಹೋಳು, ಪಡೆದವರಿಗೆ ಒಂದು ಹೋಳು. ಯಾರಾದರೂ ಕಳ್ಳತನದಿಂದ ಹೊಸ ಕಚ್ಚು ಸೇರಿಸಿದರೆ ಎರಡು ಹೋಳು ಜೋಡಿಸಿದಾಗ ಸಿಕ್ಕಿಬೀಳುತ್ತಿದ್ದರು. ಕೊನೆಗೆ ಕಾಗದ ಬಂದು ಈ ಕೋಲುಗಳು ಬೇಡವಾದವು. 1834ರ ಅಕ್ಟೋಬರ್ 16ರಂದು ಹಳೆಯ ಕೋಲುಗಳ ರಾಶಿಯನ್ನು ಲಂಡನ್ನಿನ ಸಂಸತ್ ಭವನದ ಕೆಳಗಿನ ಒಲೆಗಳಲ್ಲಿ ಸುಟ್ಟರು. ಬೆಂಕಿ ಕೈಮೀರಿ ಸಂಸತ್ ಭವನವೇ ಉರಿದುಹೋಯಿತು.

ಇನ್ನು ನಮ್ಮ ಆಟಕ್ಕೆ ಬರೋಣ. ನಿಮ್ಮಲ್ಲಿ ಎಷ್ಟು ಜನ ಚೌಕಾಬಾರ ಆಡುತ್ತೀರಿ? ನಾಲ್ಕು ಕವಡೆ ಎಸೆಯುತ್ತೇವೆ. ಒಂದು ಕವಡೆ ಬಾಯಿ ಮೇಲಾಗಿ ಬಿದ್ದರೆ ಒಂದು ಮನೆ, ಎರಡು ಬಿದ್ದರೆ ಎರಡು, ಮೂರು ಬಿದ್ದರೆ ಮೂರು. ನಾಲ್ಕೂ ಬಾಯಿ ತೆರೆದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೆನ್ನು ತೋರಿಸಿದರೆ ಬಾರ, ಅಂದರೆ ಎಂಟು. ಆಗ ಎಷ್ಟು ಕೂಗಾಡುತ್ತೇವೆ! "ಅವನಿಗೇ ಯಾವಾಗಲೂ ಎಂಟು ಬೀಳುತ್ತೆ, ನನಗೆ ಬರೀ ಎರಡು" ಎಂಬ ದೂರು ಇಲ್ಲದೆ ಚೌಕಾಬಾರ ಮುಗಿಯುವುದೇ ಇಲ್ಲ.

ಈ ದೂರು ನಿಜವೇ? ನೆನಪನ್ನು ಕೇಳಿದರೆ ನಿಜ ಎನ್ನುತ್ತದೆ. ಆದರೆ ನೆನಪಿಗೆ ಒಂದು ಗುಣವಿದೆ. ಅದು ಸಂಭ್ರಮದ್ದನ್ನೂ ಸಿಟ್ಟು ಬರಿಸಿದ್ದನ್ನೂ ಚೆನ್ನಾಗಿ ಇಟ್ಟುಕೊಳ್ಳುತ್ತದೆ, ಸಪ್ಪೆಯಾದದ್ದನ್ನು ಬಿಟ್ಟುಬಿಡುತ್ತದೆ. ಎಂಟು ಬಿದ್ದದ್ದು ನೆನಪಿರುತ್ತದೆ, ಎರಡು ಬಿದ್ದದ್ದು ಯಾರಿಗೆ ನೆನಪು? ಗೀಟು ಹಾಗಲ್ಲ. ಎಂಟಕ್ಕೂ ಒಂದೇ ಗೀಟು, ಎರಡಕ್ಕೂ ಒಂದೇ ಗೀಟು. ಅದಕ್ಕೆ ಯಾರ ಮೇಲೂ ಪಕ್ಷಪಾತವಿಲ್ಲ. ನನಗೆ ತಾಳೆ ಗುರುತಿನ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಕವಡೆಗಿಂತ ಮೊದಲು ನಾಲ್ಕು ಒಂದು ರೂಪಾಯಿ ನಾಣ್ಯ ತಗೊಳ್ಳಿ. ನಾಣ್ಯದ ಸಿಂಹದ ಮುಖ ಮೇಲೆ ಬಂದರೆ ಅದು ಬಾಯಿ ತೆರೆದ ಕವಡೆ ಎಂದಿಟ್ಟುಕೊಳ್ಳೋಣ. ಹಾಳೆಯಲ್ಲಿ ಐದು ಸಾಲು: ಸಿಂಹ ಒಂದೂ ಇಲ್ಲ, ಒಂದು ಸಿಂಹ, ಎರಡು, ಮೂರು, ನಾಲ್ಕು. ನಾಲ್ಕೂ ನಾಣ್ಯಗಳನ್ನು ಕುಲುಕಿ ಚಾಪೆಯ ಮೇಲೆ ಎಸೆಯಿರಿ. ಬಿದ್ದದ್ದನ್ನು ನೋಡಿ ಸರಿಯಾದ ಸಾಲಿನಲ್ಲಿ ಒಂದು ಗೀಟು. ಹೀಗೆ 80 ಸಲ. ಒಬ್ಬರು ಎಸೆಯಿರಿ, ಇನ್ನೊಬ್ಬರು ಗೀಟು ಹಾಕಿ. ಬೇಸರವಾದರೆ ನಡುವೆ ಎದ್ದು ಮಂಡಕ್ಕಿ ತಿಂದು ಬನ್ನಿ, ಹಾಳೆ ಏನನ್ನೂ ಮರೆಯುವುದಿಲ್ಲ.

ಮುಗಿದ ಮೇಲೆ ನಿಮ್ಮ ಸಾಲುಗಳನ್ನು ನೋಡಿ. ನಡುವಿನ ಸಾಲು, ಎರಡು ಸಿಂಹದ್ದು, ಉದ್ದಕ್ಕೆ ಓಡಿರುತ್ತದೆ. ಅದರ ಮೇಲಿನದು, ಕೆಳಗಿನದು ಅದಕ್ಕಿಂತ ಸ್ವಲ್ಪ ಗಿಡ್ಡ. ತುದಿಯ ಎರಡು ಸಾಲಿನಲ್ಲಿ ಕೆಲವೇ ಗೀಟು. ಈಗ ಹಾಳೆಯನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ. ಸಾಲುಗಳು ಕಂಬಗಳಾಗಿ ಎದ್ದು ನಿಂತವು! ನಡುವೆ ಎತ್ತರ, ಎರಡೂ ಪಕ್ಕ ಇಳಿಜಾರು. ಬೇಕೆಂದು ಬಿಡಿಸದೆಯೇ ನೀವು ಒಂದು ಗುಡ್ಡ ಬಿಡಿಸಿದ್ದೀರಿ. ಪುಸ್ತಕದಲ್ಲಿ ಬರುವ ಸ್ತಂಭಾಲೇಖ ಇದೇ. ಗೀಟುಗಳನ್ನೆಲ್ಲ ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಎಳೆದಿದ್ದರೆ ಗುಡ್ಡ ಚೆನ್ನಾಗಿ ಕಾಣುತ್ತದೆ.

ಗುಡ್ಡ ಯಾಕೆ ಬಂತು? ನಾಲ್ಕು ನಾಣ್ಯಗಳಿಗೆ ಅ, ಆ, ಇ, ಈ ಎಂದು ಹೆಸರಿಡೋಣ. ನಾಲ್ಕೂ ಸಿಂಹ ಬೀಳುವುದು ಒಂದೇ ಒಂದು ರೀತಿಯಲ್ಲಿ. ಒಂದು ಮಾತ್ರ ಸಿಂಹವಾಗಬೇಕಾದರೆ ಅದು ಅ ಆಗಬಹುದು, ಆ ಆಗಬಹುದು, ಇ ಅಥವಾ ಈ ಆಗಬಹುದು, ಅಂದರೆ ನಾಲ್ಕು ರೀತಿ. ಎರಡು ಸಿಂಹ? ಅಆ, ಅಇ, ಅಈ, ಆಇ, ಆಈ, ಇಈ. ಎಷ್ಟಾಯಿತು? ಆರು ರೀತಿ. ಮೂರು ಸಿಂಹವಾದರೆ ಹೊರಗುಳಿದ ಒಂದು ಯಾವುದು ಎಂದು ಕೇಳಿಕೊಳ್ಳಿ, ಮತ್ತೆ ನಾಲ್ಕು. ಒಂದೂ ಇಲ್ಲದ್ದು ಒಂದೇ ರೀತಿ. ಒಟ್ಟು 16. ಎರಡು ಸಿಂಹ ಬೀಳಲು ಆರು ದಾರಿ, ನಾಲ್ಕು ಬೀಳಲು ಒಂದೇ ದಾರಿ. ಹಾಗಾಗಿ 80 ಎಸೆತಕ್ಕೆ ಸುಮಾರು 5, 20, 30, 20, 5 ಎಂಬಂತೆ ಗೀಟುಗಳು ಬೀಳುತ್ತವೆ. ಸುಮಾರು ಎಂಬುದನ್ನು ಮರೆಯಬೇಡಿ. ನಿಮಗೆ 7, 18, 33 ಎಂದು ಬಂದರೆ ಅದೂ ಸರಿಯೇ. ಬಂದದ್ದನ್ನೇ ಇಟ್ಟುಕೊಳ್ಳಿ, ನನ್ನ ಸಂಖ್ಯೆಗೆ ಹೊಂದಿಸಲು ಒಂದು ಗೀಟನ್ನೂ ಅಳಿಸಬೇಡಿ.

ನಂತರ ಕವಡೆ. ನಾಣ್ಯದ ಎರಡೂ ಮುಖ ಚಪ್ಪಟೆ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಅದು ಎರಡೂ ಕಡೆಗೆ ಸಮನಾಗಿ ಬೀಳಬೇಕೆಂದೇನೂ ಇಲ್ಲ. ನಿಮ್ಮ ಮನೆಯ ಕವಡೆಗಳು ಬಾಯಿ ತೆರೆಯಲು ಇಷ್ಟಪಡುತ್ತವೋ, ಬೆನ್ನು ತೋರಿಸಲೋ? ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ನಿಮ್ಮ ಕವಡೆಗಳನ್ನು 80 ಸಲ ಎಸೆದು ಗೀಟು ಹಾಕಿದವರಿಗೆ ಮಾತ್ರ ಗೊತ್ತು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಕಡೆ ಉಜ್ಜಿ ಬಿಳಿ ಮಾಡಿಕೊಳ್ಳಿ. ಅವುಗಳ ಗುಡ್ಡ ಯಾವ ಕಡೆಗೆ ವಾಲುತ್ತದೋ ನೋಡೋಣ.

ಗೀಟು ಹಾಕುವಾಗ ಕೆಲವು ಸಂಗತಿ ಗಮನದಲ್ಲಿರಲಿ. ಸಾಲುಗಳು ಯಾವುವು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ರಸ್ತೆ ಎಣಿಸುವಾಗ ಇದ್ದಕ್ಕಿದ್ದಂತೆ ಒಂದು ಎತ್ತಿನ ಗಾಡಿ ಬಂತು ಎನ್ನಿ, ಅದನ್ನು ಎಲ್ಲಿ ಹಾಕುವುದು? ಅದಕ್ಕೇ ಕೊನೆಯಲ್ಲಿ 'ಇತರೆ' ಎಂಬ ಸಾಲು ಇರಬೇಕು. ಎಸೆದದ್ದು 80 ಸಲವಾದರೆ ಎಲ್ಲ ಗೀಟು ಕೂಡಿದಾಗಲೂ 80 ಬರಬೇಕು, ಬರದಿದ್ದರೆ ಎಲ್ಲೋ ಒಂದು ಜಾರಿದೆ. ಇಬ್ಬರು ಬೇರೆಬೇರೆಯಾಗಿ ಗೀಟು ಹಾಕಿ ಕೊನೆಗೆ ತಾಳೆ ನೋಡುವುದು ಇನ್ನೂ ಒಳ್ಳೆಯದು. ಲೆಕ್ಕ ಬೇರೆಯಾದರೆ ಒಬ್ಬರದನ್ನು ನೋಡಿ ಇನ್ನೊಬ್ಬರು ತಿದ್ದಿಕೊಳ್ಳಬಾರದು. ಯಾಕೆ ಬೇರೆಯಾಯಿತು ಎಂದು ಮಾತಾಡಿಕೊಳ್ಳಿ. ಒಬ್ಬಳು ಸ್ಕೂಟರನ್ನು ಬೈಕಿನ ಸಾಲಿಗೆ ಹಾಕಿರುತ್ತಾಳೆ, ಇನ್ನೊಬ್ಬ ಇತರೆಗೆ ಹಾಕಿರುತ್ತಾನೆ. ಜಗಳ ಅಲ್ಲಿಗೆ ಮುಗಿಯುತ್ತದೆ.

ಹೀಗೆ ಕಲಿತದ್ದನ್ನು ದೊಡ್ಡ ಕೆಲಸಕ್ಕೂ ಕೊಡಬಹುದು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಜನ ತಮ್ಮ ಹಿತ್ತಲಿನ ಹಕ್ಕಿಗಳನ್ನು ಎಣಿಸುತ್ತಾರೆ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂದು ಅದರ ಹೆಸರು. 1998ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2013ರಿಂದ ಎಲ್ಲ ದೇಶದವರೂ ಸೇರಬಹುದಾಗಿದೆ. ನಮ್ಮ ದೇಶದಲ್ಲೂ ಶಾಲೆಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಮನೆಯ ತಾರಸಿಯ ಮೇಲೆ ನಿಂತು ಜನ ಎಣಿಸುತ್ತಾರೆ. ಕನಿಷ್ಠ ಹದಿನೈದು ನಿಮಿಷ ನಿಂತು ನೋಡಿದರೆ ಸಾಕು. ಎಲ್ಲರ ಲೆಕ್ಕವೂ ಒಂದೆಡೆ ಸೇರಿ, ಯಾವ ಹಕ್ಕಿ ಎಲ್ಲಿದೆ, ಎಲ್ಲಿ ಕಡಿಮೆಯಾಗುತ್ತಿದೆ ಎಂದು ವಿಜ್ಞಾನಿಗಳು ತಿಳಿದುಕೊಳ್ಳಲು ನೆರವಾಗುತ್ತದೆ.

ಫೆಬ್ರವರಿಗೆ ಕಾಯಬೇಕಾಗಿಯೂ ಇಲ್ಲ. ಈ ಭಾನುವಾರ ಬೆಳಿಗ್ಗೆಯೇ ಅಭ್ಯಾಸ ಶುರುಮಾಡಿ. ಕಾಗೆ, ಗೊರವಂಕ, ಪಿಕಳಾರ, ಗಿಳಿ, ಇತರೆ ಎಂದು ಸಾಲು ಹಾಕಿ. ಅದೇ ಕಾಗೆ ಹೋಗಿ ಮತ್ತೆ ಬಂದರೆ ಎರಡು ಗೀಟು ಹಾಕಬೇಡಿ. ಹೆಸರು ಗೊತ್ತಿಲ್ಲದ ಹಕ್ಕಿ ಬಂದರೆ ಬಣ್ಣ, ಬಾಲ, ಕೊಕ್ಕು ಹೇಗಿತ್ತು ಎಂದು ಪಕ್ಕದಲ್ಲಿ ಬರೆದು ಮೇಷ್ಟ್ರನ್ನೋ ಅಜ್ಜಿಯನ್ನೋ ಕೇಳಿ. ಫೆಬ್ರವರಿ ಬಂದಾಗ ಮನೆಯ ದೊಡ್ಡವರೊಬ್ಬರ ಜೊತೆ ಕೂತು ನಿಮ್ಮ ಹಿತ್ತಲಿನ ಲೆಕ್ಕವನ್ನೂ ಆ ದೊಡ್ಡ ಲೆಕ್ಕಕ್ಕೆ ಕಳಿಸಿಕೊಡಿ.